ಚೊಚ್ಚಲ ಬಾಳಂತಿಯ ಮನಸ್ಸು ಮತ್ತು ನಾವು

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಮಹಿಳಾ ಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತಿನ ಬರಹ ರೂಪ)



ಆಮಂತ್ರಣ ಪತ್ರಿಕೆಯಲ್ಲಿ ಈ ಗೋಷ್ಠಿಯ ಎದುರಿಗೆ ನಮ್ಮ ಹೆಸರು ನೋಡಿ ಕೆಲವರು ನಕ್ಕಿದ್ದು ನಮಗೆ ಗೊತ್ತಿದೆ. ಕೊಳೆ ಔಷಧಿ, ಬೆಳೆಸಾಲ, ಚಾಲಿ ದರ ಇಷ್ಟರ ಮೇಲೆ ಮಾತಾಡುವವರು ಬಾಳಂತನದ ಬಗ್ಗೆ ಎಂತ ಹೇಳ್ತಾರೆ ಅಂತ. ನಿಜ, ನಾವು ಡಾಕ್ಟರಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ತೋಟಕ್ಕೆ ಇಳಿದವರು. ಆದರೆ ಬಾಳಂತನ ಹೆಂಗಸರ ವಿಷಯ ಎಂದು ಗಂಡಸರೆಲ್ಲ ಜಗಲಿಯ ಮೇಲೇ ಉಳಿದುಬಿಟ್ಟದ್ದರಿಂದ ಒಳಗಿನ ಕೋಣೆಯಲ್ಲಿ ಏನು ನಡೆಯುತ್ತದೆ ಎಂಬುದು ಹೊರಗೆ ತಿಳಿಯದೇ ಹೋಗಿದೆ. ಅದಕ್ಕಾಗಿಯೇ ಈ ಸಲ ಗಂಡಸರೇ ಮಾತಾಡಲಿ ಎಂದು ನಮ್ಮ ಮಂಡಳಿಯ ಮಹಿಳಾ ನಿರ್ದೇಶಕರು ನಮ್ಮನ್ನು ಮುಂದೆ ತಳ್ಳಿದರು. ಇಲ್ಲಿ ಹೇಳುವುದರಲ್ಲಿ ಅರ್ಧ ನಮ್ಮ ಸೀಮೆಯಲ್ಲಿ ಕಂಡದ್ದು, ಇನ್ನರ್ಧ ವೈದ್ಯರ ಹತ್ತಿರ, ಆರೋಗ್ಯ ಇಲಾಖೆಯವರ ಹತ್ತಿರ ಕೇಳಿ, ಓದಿ ತಿಳಿದದ್ದು.

ಸಂಘ ಶುರುವಾದ ಕಾಲಕ್ಕೂ ಈಗಿಗೂ ಹೆರಿಗೆಯ ವಿಷಯದಲ್ಲಿ ಬಹಳ ಬದಲಾಗಿದೆ. ಆಗ ನಮ್ಮ ಕೇರಿಗಳಲ್ಲಿ ಸೂಲಗಿತ್ತಿಯೇ ಹೆರಿಗೆ ಮಾಡಿಸುತ್ತಿದ್ದ ಮನೆಗಳು ಇನ್ನೂ ಇದ್ದವು. ಮಳೆಗಾಲದಲ್ಲಿ ನೋವು ಬಂತೆಂದರೆ ಕಂಬಳಿ ಕಟ್ಟಿ ಹೊತ್ತುಕೊಂಡು ರಸ್ತೆಗೆ ತಂದವರು ಈ ಸಭೆಯಲ್ಲೇ ಇದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿದೆ. ನೂರರಲ್ಲಿ 31ಕ್ಕೂ ಹೆಚ್ಚು ಸಿಸೇರಿಯನ್. ತಾಯಿ-ಮಗುವಿನ ಜೀವ ಉಳಿಯುವ ದೃಷ್ಟಿಯಿಂದ ಆಸ್ಪತ್ರೆ ಹೆರಿಗೆ ದೊಡ್ಡ ಲಾಭವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೆರಿಗೆ ಆಸ್ಪತ್ರೆಗೆ ಹೋದರೂ ಬಾಳಂತನ ಮನೆಯಲ್ಲೇ ಉಳಿಯಿತು. ಮೂರು ದಿನಕ್ಕೋ ಆರು ದಿನಕ್ಕೋ ಜೀಪಿನಲ್ಲಿ ಕೂರಿಸಿ ತಂದು ಕೋಣೆಗೆ ಸೇರಿಸಿದ ಮೇಲೆ ಅವಳ ಹೊಲಿಗೆ ಒಣಗಿತೋ, ಮಗು ಹಾಲು ಕುಡಿಯಿತೋ ಎಂದು ಕೇಳುತ್ತೇವೆ. ಅವಳ ಮನಸ್ಸು ಹೇಗಿದೆ ಎಂದು ಕೇಳುವ ಪದ್ಧತಿ ನಮ್ಮಲ್ಲಿ ಇಲ್ಲ.

ಹಿಂದಿನವರ ಪದ್ಧತಿಯನ್ನು ತೆಗಳಲಿಕ್ಕೆ ನಾವು ನಿಂತಿಲ್ಲ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು ಎಂದು ಮಾಡಿದವರು ತಿಳಿದೇ ಮಾಡಿದ್ದರು. ಹುಡುಗಿಗೆ ತನ್ನ ಆಯಿ, ಅಜ್ಜಿ, ಚಿಕ್ಕಮ್ಮ ಸುತ್ತ ಇರಬೇಕು, ಅತ್ತೆ ಮನೆಯ ಸಂಕೋಚ ಇರಬಾರದು, ಅತ್ತರೆ ಅಳಲಿಕ್ಕೆ ಒಂದು ಮಡಿಲು ಬೇಕು ಎಂಬುದೇ ಅದರ ಅರ್ಥ. ಆಯುರ್ವೇದದಲ್ಲೂ ಬಾಳಂತಿಗೆ ಒಂದೂವರೆ ತಿಂಗಳ ಆರೈಕೆ ಹೇಳಿದೆ. ಹಂಡೆ ಬಿಸಿನೀರು, ಎಣ್ಣೆ ನೀವುವುದು, ಕಾಳುಮೆಣಸಿನ ಸಾರು, ತುಪ್ಪ, ಬಾಳಂತಿ ಲೇಹ, ಹೊರಗಿನ ಕೆಲಸಕ್ಕೆ ರಜೆ, ಇವೆಲ್ಲ ಮೈಗೂ ಒಳ್ಳೆಯದು, ಮನಸ್ಸಿಗೂ ಒಳ್ಳೆಯದು. ಇನ್ನೊಬ್ಬರು ತನ್ನನ್ನು ಮಗುವಿನ ಹಾಗೆ ನೋಡಿಕೊಳ್ಳುತ್ತಿದ್ದಾರೆ ಎನ್ನುವ ಸಮಾಧಾನವೇ ಅರ್ಧ ಔಷಧಿ.

ಅದರ ಜೊತೆಗೆ ಬಂದ ಕೆಲವು ಅಭ್ಯಾಸ ಮಾತ್ರ ಬಿಡಬೇಕಾದ್ದು. ಕಿಟಕಿ ಮುಚ್ಚಿ ಕತ್ತಲೆ ಮಾಡಿ ಕೆಂಡದ ಹೊಗೆಯಲ್ಲಿ ಕೂರಿಸುವುದು, ಬಾಳಂತಿಗೆ ನೀರು ಕೊಡಬಾರದು ಎಂದು ಬಾಯಿ ಒಣಗಿಸುವುದು, ತರಕಾರಿ ಮುಟ್ಟಿಸದೇ ಬರೀ ಅನ್ನ-ಸಾರಿನಲ್ಲಿ ಇಡುವುದು. ಹಾಲೂಡಿಸುವವಳಿಗೆ ನೀರು ಜಾಸ್ತಿ ಬೇಕು. ಅದೇ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತ ಕಡಿಮೆ. ರಕ್ತ ಇಲ್ಲದವಳಿಗೆ ಸುಸ್ತು, ಸುಸ್ತಾದವಳಿಗೆ ಸಿಟ್ಟು, ಅಳು. ಮೊದಲು ಅದನ್ನು ಸರಿಮಾಡಬೇಕು.

ಈಗ ಆ ತವರೇ ಬದಲಾಗಿದೆ ಎನ್ನುವುದು ನಮ್ಮ ಮುಖ್ಯ ಮಾತು. ನಮ್ಮ ಹೆಗ್ಗರಣೆಯ ಸುತ್ತಮುತ್ತಲ ಮನೆಗಳನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. ಹತ್ತು-ಹನ್ನೆರಡು ಜನ ಉಣ್ಣುತ್ತಿದ್ದ ಮನೆಯಲ್ಲಿ ಈಗ ಇಬ್ಬರು, ಮೂವರು. ಬೆಂಗಳೂರಿನಿಂದ ಮಗಳು ಬಾಳಂತನಕ್ಕೆ ಬರುತ್ತಾಳೆ. ತವರಲ್ಲಿ ಇರುವುದು ಅರವತ್ತು ದಾಟಿದ, ಮಂಡಿನೋವಿನ ಆಯಿ ಒಬ್ಬಳು. ಕೊಟ್ಟಿಗೆ ಕೆಲಸ, ಅಡಿಗೆ, ಬಚ್ಚಲ ಒಲೆ, ಆಳುಗಳ ಆಸರಿ, ಇದರ ಮೇಲೆ ರಾತ್ರಿ ಎದ್ದು ಮಗು ಎತ್ತಿಕೊಳ್ಳಬೇಕು. ಅವಳೂ ಮನುಷ್ಯಳೇ ತಾನೆ? ಮಗಳಿಗೋ, ಓದಿ ನೌಕರಿ ಮಾಡಿ ತನ್ನ ದಿನವನ್ನು ತಾನೇ ನಡೆಸಿದವಳು, ಒಮ್ಮೆಲೇ ಒಂದು ಕೋಣೆಯಲ್ಲಿ, ಎರಡು ತಾಸಿಗೊಮ್ಮೆ ಅಳುವ ಮಗುವಿನ ಜೊತೆ. ಗಂಡ ಶನಿವಾರ ಬಸ್ಸಿಗೆ ಬಂದು ಭಾನುವಾರ ಹೋಗುತ್ತಾನೆ. ಮಳೆಗಾಲವಾದರೆ ಕೇಳುವುದೇ ಬೇಡ. ಜೂನಿನಿಂದ ಸಪ್ಟೆಂಬರಿನವರೆಗೆ ಸೂರ್ಯನ ಮುಖ ಇಲ್ಲ, ಮಗುವಿನ ಬಟ್ಟೆ ಒಣಗುವುದಿಲ್ಲ, ಕರೆಂಟಿಲ್ಲ, ಕರೆಂಟು ಹೋದ ಮೇಲೆ ಟವರಿನ ಬ್ಯಾಟರಿಯೂ ಮುಗಿದು ಫೋನೂ ಇಲ್ಲ. ಗಟ್ಟಿ ಮನಸ್ಸಿನವರಿಗೇ ಆಷಾಢದಲ್ಲಿ ಬೇಜಾರು ಬರುತ್ತದೆ.

ಇನ್ನೊಂದು ನಮೂನೆ ಈಗ ನಾವೆಲ್ಲ ನೋಡುತ್ತಿರುವುದು. ಕೃಷಿ ಮಾಡುವ ಹುಡುಗರಿಗೆ ಇಲ್ಲಿ ಹೆಣ್ಣು ಸಿಗುವುದಿಲ್ಲವೆಂದು ದೂರದ ಜಿಲ್ಲೆಗಳಿಂದ, ಹೊರ ರಾಜ್ಯಗಳಿಂದಲೂ ಸೊಸೆಯರನ್ನು ತಂದಿದ್ದೇವೆ. ಒಳ್ಳೆಯದೇ. ಅವರು ನಮ್ಮ ಮನೆ ಬೆಳಗಿಸಿದ್ದಾರೆ. ಆದರೆ ಆ ಹುಡುಗಿಗೆ ತವರಿನ ದಾರಿ ಎರಡು ದಿನದ ರೈಲು. ನಮ್ಮ ಮಾತು ಅವಳಿಗೆ ಅರ್ಧ ತಿಳಿಯುತ್ತದೆ, ನಮ್ಮ ಮೆಣಸಿನ ಸಾರು ಅವಳಿಗೆ ಊಟವೇ ಅಲ್ಲ. ಚೊಚ್ಚಲ ಬಾಳಂತನ ಅತ್ತೆ ಮನೆಯಲ್ಲೇ ಆಗುತ್ತದೆ. ಅವಳು ಮಾತಾಡದೇ ಕೂತರೆ "ಭಾಷೆ ಬತ್ತಿಲ್ಲೆ, ಅದಕ್ಕೆ ಸುಮ್ಮಂಗಿದ್ದು" ಅಂತ ನಾವು ತಿಳಿಯುತ್ತೇವೆ. ಅದು ಭಾಷೆಯ ಮೌನವೋ, ಬೇರೆ ಮೌನವೋ ಯಾರು ನೋಡಬೇಕು?

ಕೂಲಿ ಮಾಡುವ ಮನೆಗಳ ಕಷ್ಟ ಇನ್ನೊಂದು ಬಗೆ. ಅಡಿಕೆ ಸುಲಿಯುವ ಸುಗ್ಗಿ ಬಂದರೆ ತಿಂಗಳು ತುಂಬದ ಬಾಳಂತಿಯೂ ಮೆಟ್ಟುಗತ್ತಿಯ ಮೇಲೆ ಕೂತದ್ದನ್ನು ಹಿಂದೆ ಕಂಡಿದ್ದೇವೆ. ಅವರಿಗೆ ಸುಸ್ತೂ ಇಲ್ಲ, ಬೇಸರವೂ ಇಲ್ಲ ಎಂದಲ್ಲ, ಹೇಳಿಕೊಳ್ಳಲಿಕ್ಕೆ ಪುರಸೊತ್ತು ಇಲ್ಲ ಅಷ್ಟೆ.

ಈಗ ವಿಷಯಕ್ಕೆ ಬರುತ್ತೇವೆ. ಹೆರಿಗೆಯಾದ ಮೂರನೇ, ನಾಲ್ಕನೇ ದಿನ ಬಾಳಂತಿ ಕಾರಣವಿಲ್ಲದೇ ಅಳುವುದು ಬಹಳ ಸಾಮಾನ್ಯ. ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಹೀಗಾಗುತ್ತದೆ ಎನ್ನುತ್ತಾರೆ ವೈದ್ಯರು. ಈಗ ನಗು, ಗಳಿಗೆ ಬಿಟ್ಟು ಅಳು, ಸಣ್ಣ ಮಾತಿಗೆ ಸಿಟ್ಟು, ನಿದ್ರೆ ಇಲ್ಲ. ಬಸುರಿನಲ್ಲಿ ಮೈಯಲ್ಲಿ ಏರಿದ್ದ ಕೆಲವು ಹಾರ್ಮೋನುಗಳು ಹೆರಿಗೆಯಾದ ಎರಡು-ಮೂರು ದಿನದಲ್ಲೇ ಧಡಕ್ಕನೆ ಇಳಿಯುತ್ತವೆ. ಅದರ ಜೊತೆ ನಿದ್ರೆಗೇಡು, ನೋವು, ಮೊಲೆ ಕಟ್ಟಿಕೊಳ್ಳುವುದು. ಇದು ರೋಗವಲ್ಲ. ಹತ್ತು ದಿನ, ಹೆಚ್ಚೆಂದರೆ ಎರಡು ವಾರದಲ್ಲಿ ತಾನಾಗಿಯೇ ಹೋಗುತ್ತದೆ. ಈ ದಿನಗಳಲ್ಲಿ "ಗಂಡು ಮಗು ಹುಟ್ಟಿದ ಮನೆಯಲ್ಲಿ ಎಂತಕ್ಕೆ ಅಳ್ತೆ" ಎಂದು ಗದರುವುದು ಬೇಡ. ಅಳಲಿ. ಹತ್ತಿರ ಕೂತುಕೊಳ್ಳಿ, ಮಗುವನ್ನು ಎತ್ತಿಕೊಂಡು ಹೋಗಿ ಅವಳನ್ನು ಎರಡು ತಾಸು ಮಲಗಲಿಕ್ಕೆ ಬಿಡಿ.

ಆದರೆ ಎರಡು ವಾರ ಕಳೆದರೂ ಮನಸ್ಸು ಏಳಲಿಲ್ಲ ಎಂದರೆ ಆಗ ಅದು ಬೇರೆ. ಯಾವುದರ ಮೇಲೂ ಆಸೆ ಇಲ್ಲ, ಮಗು ಮಲಗಿದರೂ ಇವಳಿಗೆ ನಿದ್ರೆ ಇಲ್ಲ, ಊಟ ಸೇರುವುದಿಲ್ಲ, ಮಗುವಿಗೆ ಏನೋ ಆಗಿಬಿಡುತ್ತದೆ ಎನ್ನುವ ಹೆದರಿಕೆ, ಇಲ್ಲವೇ ಮಗುವಿನ ಮುಖ ನೋಡಲೂ ಮನಸ್ಸಿಲ್ಲ, "ನಾನು ತಾಯಿ ಆಗಲಿಕ್ಕೆ ಲಾಯಕ್ಕಿಲ್ಲ" ಎಂಬ ಒಂದೇ ಮಾತು. ಇದಕ್ಕೆ ವೈದ್ಯರು ಹೆರಿಗೆ ನಂತರದ ಖಿನ್ನತೆ ಎನ್ನುತ್ತಾರೆ. ಹೆರಿಗೆಯಾದ ಕೂಡಲೇ ಬರಬೇಕೆಂದಿಲ್ಲ, ಎರಡು-ಮೂರು ತಿಂಗಳ ಮೇಲೂ ಶುರುವಾಗಬಹುದು, ಬಸುರಿನಲ್ಲೇ ಶುರುವಾದದ್ದು ಮುಂದುವರಿಯಲೂಬಹುದು. ಭಾರತದಲ್ಲಿ ಆದ 38 ಅಧ್ಯಯನಗಳನ್ನು, ಇಪ್ಪತ್ತು ಸಾವಿರ ತಾಯಂದಿರ ಲೆಕ್ಕವನ್ನು, ಒಟ್ಟು ಹಾಕಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ 2017ರಲ್ಲಿ ಒಂದು ವರದಿ ಬಂತು. ಅದರ ಪ್ರಕಾರ ನೂರಕ್ಕೆ 22 ತಾಯಂದಿರಿಗೆ ಇದು ಇರುತ್ತದೆ. ಅಂದರೆ ಐವರಲ್ಲಿ ಒಬ್ಬಳು. ಒಂದು ಪಂಚಾಯ್ತಿಯಲ್ಲಿ ವರ್ಷಕ್ಕೆ 50 ಹೆರಿಗೆ ಎಂದು ಇಟ್ಟುಕೊಳ್ಳಿ, ಹತ್ತು ಮನೆಯ ಒಳಕೋಣೆಯಲ್ಲಿ ಇದು ನಡೆಯುತ್ತಿದೆ. ತೋಟದಲ್ಲಿ ಐದು ಮರಕ್ಕೆ ಒಂದು ಮರ ಕೊಳೆ ಹಿಡಿದರೆ ನಾವು ಸುಮ್ಮನಿರುತ್ತೇವೆಯೇ? ಆವತ್ತೇ ಕೊನೆಗೌಡನನ್ನು ಹುಡುಕಿಕೊಂಡು ಹೋಗುತ್ತೇವೆ.

ನಮ್ಮ ಪಕ್ಕದ ಗೋವಾದಲ್ಲೇ ಇದರ ಬಗ್ಗೆ ಒಳ್ಳೆಯ ಅಧ್ಯಯನ ಆಗಿದೆ. ವಿಕ್ರಮ್ ಪಟೇಲ್ ಎಂಬ ಮನೋವೈದ್ಯರು ಮತ್ತು ಅವರ ಜೊತೆಯವರು 2002ರಲ್ಲಿ ಪ್ರಕಟಿಸಿದ್ದು. ಜಿಲ್ಲಾ ಆಸ್ಪತ್ರೆಗೆ ಬಂದ ಬಸುರಿಯರನ್ನು ಹೆರಿಗೆಯ ನಂತರವೂ ಹಿಂಬಾಲಿಸಿ ಕೇಳಿದಾಗ ಆರರಿಂದ ಎಂಟು ವಾರದ ಹೊತ್ತಿಗೆ ನೂರಕ್ಕೆ 23 ತಾಯಂದಿರಲ್ಲಿ ಖಿನ್ನತೆ ಕಂಡಿತು. ಯಾರಿಗೆ ಹೆಚ್ಚು ಎಂದರೆ, ಬಡತನ ಇದ್ದವರಿಗೆ, ಗಂಡನಿಂದ ಹಿಂಸೆ ಅನುಭವಿಸುವವರಿಗೆ. ಇನ್ನೊಂದು, ಗಂಡು ಬೇಕೆಂದು ಕಾದ ಮನೆಯಲ್ಲಿ ಹೆಣ್ಣು ಹೆತ್ತವರಿಗೆ. ಈ ಕೊನೆಯದನ್ನು ಸಭೆಯ ಹಿರಿಯರು ದಯವಿಟ್ಟು ಗಮನಿಸಬೇಕು. ನಮ್ಮಲ್ಲಿ ಯಾರೂ ಬಾಯಿಬಿಟ್ಟು ಬೈಯುವುದಿಲ್ಲ, ನಾವು ಸಭ್ಯರು. ಆದರೆ "ಇರ್ಲಿ ಬಿಡು, ಮುಂದಿನದು ಮಾಣಿ ಆಗ್ತು" ಎಂದು ಸಮಾಧಾನ ಹೇಳುತ್ತೇವಲ್ಲ, ಆ ಸಮಾಧಾನ ಬೈಗುಳಕ್ಕಿಂತ ಕಡೆ. ಹೆತ್ತ ನೋವು ಆರುವ ಮೊದಲೇ ನೀನು ಹೆತ್ತದ್ದು ಸಾಲಲಿಲ್ಲ ಎಂದು ಹೇಳಿದ ಹಾಗೆ.

ಒಂದು ಮನೆಯ ಸಂಗತಿ ಹೇಳುತ್ತೇವೆ. ನಮ್ಮ ಸೀಮೆಯದ್ದೇ, ಹೆಸರು ಬೇಡ, ಆ ಮನೆಯವರು ಒಪ್ಪಿದ ಮೇಲೆಯೇ ಹೇಳುತ್ತಿರುವುದು. ಮಗಳು ಚೊಚ್ಚಲ ಬಾಳಂತನಕ್ಕೆ ಬಂದಿದ್ದಳು, ಮಳೆಗಾಲ. ಸಿಸೇರಿಯನ್ ಆಗಿತ್ತು. ಹಾಲು ಸರಿಯಾಗಿ ಇಳಿಯಲಿಲ್ಲ. ನೋಡಲಿಕ್ಕೆ ಬಂದವರು ಒಬ್ಬೊಬ್ಬರು ಒಂದೊಂದು ಹೇಳಿದರು. ಒಬ್ಬರು ಬೆಳ್ಳುಳ್ಳಿ ಕೊಡಿ ಅಂದರು, ಒಬ್ಬರು ದೃಷ್ಟಿ ಅಂದರು, ಒಬ್ಬರು "ಈಗಿನವಕ್ಕೆ ನೋವು ತಿನ್ನಲೇ ಗೊತ್ತಿಲ್ಲೆ, ಕೊಯ್ಸ್ಕಂಡು ಬತ್ತ" ಅಂದರು. ಆ ಹುಡುಗಿ ದಿನದಿಂದ ದಿನಕ್ಕೆ ಮಾತು ಕಡಿಮೆ ಮಾಡಿದಳು. ಒಂದು ರಾತ್ರಿ ಆಯಿಯ ಹತ್ತಿರ "ಈ ಶಿಶು ಯಂಗೆ ಬ್ಯಾಡ" ಎಂದಳಂತೆ. ಆಯಿ ಹೆದರಿ, ಬೈದು, ದೇವರಿಗೆ ಕಾಯಿ ತೆಗೆದಿಟ್ಟರು. ಹೊರಗೆ ಯಾರಿಗೂ ಹೇಳಲಿಲ್ಲ. ಹೇಳಿದರೆ ಗಂಡನ ಮನೆಗೆ ಗೊತ್ತಾಗುತ್ತದಲ್ಲ.

ಕಂಡುಹಿಡಿದದ್ದು ಆಶಾ ಕಾರ್ಯಕರ್ತೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನು ನೋಡಲು ಅವರು 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕೆಂದು ನಿಯಮ ಇದೆ. ತೂಕ ನೋಡುವಾಗ ತಾಯಿ ಮಗುವಿನ ಕಡೆ ಕಣ್ಣೇ ಹಾಯಿಸದ್ದು ಅವರ ಕಣ್ಣಿಗೆ ಬಿತ್ತು. ಉಳಿದವರನ್ನು ಹೊರಗೆ ಕಳಿಸಿ ಪಕ್ಕದಲ್ಲಿ ಕೂತು "ನಿಮಗೆ ಹ್ಯಾಗಿದೆ?" ಅಂತ ಕೇಳಿದರು. ಅಷ್ಟೇ ಕೇಳಿದ್ದು. ಆ ಹುಡುಗಿ ಮುಕ್ಕಾಲು ತಾಸು ಅತ್ತಳಂತೆ. ಆಮೇಲೆ ವೈದ್ಯರ ಹತ್ತಿರ ಕರೆದುಕೊಂಡು ಹೋದರು. ಮಾತ್ರೆ ಕೊಟ್ಟರು, ಗಂಡನನ್ನು ಕರೆಸಿ ಕೂರಿಸಿ ಮಾತಾಡಿದರು. ಗಂಡ ಒಂದು ತಿಂಗಳು ಇಲ್ಲೇ ಉಳಿದ. ದೀಪಾವಳಿ ಹೊತ್ತಿಗೆ ಹುಡುಗಿ ಚೇತರಿಸಿಕೊಂಡಳು. ಈಗ ಮಗು ಶಾಲೆಗೆ ಹೋಗುತ್ತಿದೆ. ಅವಳು ನಮ್ಮ ಮನೆಯವರ ಹತ್ತಿರ ಹೇಳಿದ ಒಂದು ಮಾತು ನಮಗೆ ಮರೆಯುವುದಿಲ್ಲ. "ಎಲ್ಲರೂ ಶಿಶು ಹ್ಯಾಂಗಿದ್ದು ಹೇಳಿ ಕೇಳಿದ, ಯಂಗೆ ಹ್ಯಾಂಗಿದ್ದು ಹೇಳಿ ಯಾರೂ ಕೇಳಿದ್ವಿಲ್ಲೆ."

ಹಿರಿಯರು "ಬಾಳಂತಿ ಸನ್ನಿ" ಎನ್ನುತ್ತಿದ್ದ ಒಂದು ಮಾತಿದೆ. ಅದು ಇದಲ್ಲ, ಇನ್ನೂ ಜೋರಿನದ್ದು. ಸಾವಿರ ಹೆರಿಗೆಯಲ್ಲಿ ಒಂದೋ ಎರಡೋ ಕಡೆ ಬರುತ್ತದೆ, ಹೆಚ್ಚಾಗಿ ಮೊದಲ ಎರಡು ವಾರದಲ್ಲೇ. ಒಮ್ಮೆಲೇ ನಿದ್ರೆ ಪೂರ್ತಿ ಹೋಗುತ್ತದೆ, ಸಂಬಂಧವಿಲ್ಲದ ಮಾತು, ಇಲ್ಲದ ಧ್ವನಿ ಕೇಳುವುದು, ಮಗು ತನ್ನದಲ್ಲ, ಯಾರೋ ಬದಲಿಸಿದ್ದಾರೆ ಎನ್ನುವುದು. ಮೊದಲಿನವರು ಇದನ್ನು ಗಾಳಿ, ಸೋಂಕು ಎಂದು ತಿಳಿದು ನೂಲು ಕಟ್ಟಿಸುತ್ತಿದ್ದರು. ನೂಲು ಕಟ್ಟಬೇಡಿ ಎಂದು ನಾವು ಹೇಳುವುದಿಲ್ಲ, ದೇವರ ಮೇಲಿನ ಭಾರ ದೇವರಿಗೆ. ಆದರೆ ಜೀಪು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನಾಳೆ ನೋಡೋಣ ಎನ್ನುವ ಕಾಯಿಲೆ ಅದಲ್ಲ. ಜ್ವರದ ತಲೆಗೇರಿಕೆಯೋ ಮನಸ್ಸಿನದ್ದೋ ಎಂಬುದನ್ನೂ ವೈದ್ಯರೇ ನೋಡಿ ಹೇಳಬೇಕು. ಸರಿಯಾದ ಔಷಧಿ ಸಿಕ್ಕರೆ ಇದೂ ಗುಣವಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಲ್ಲಿ ಇದಕ್ಕೆಂದೇ ತಾಯಿ-ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಾರ್ಡ್ ತೆರೆದರು, ದೇಶದಲ್ಲೇ ಮೊದಲನೆಯದು. ಡಾ. ಪ್ರಭಾ ಚಂದ್ರ ಎಂಬ ವೈದ್ಯೆ ಅದರ ಹಿಂದೆ ನಿಂತು ಕೆಲಸ ಮಾಡಿದವರು. ಕಾಯಿಲೆ ಎಂದ ಕೂಡಲೇ ಮಗುವನ್ನು ತಾಯಿಯಿಂದ ಕಿತ್ತುಕೊಳ್ಳುವುದು ನಮ್ಮಲ್ಲಿ ರೂಢಿ. 2017ರ ಮಾನಸಿಕ ಆರೋಗ್ಯ ಕಾಯಿದೆ ಸಹ ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸಬಾರದು ಎಂದೇ ಹೇಳುತ್ತದೆ. ಮಗುವಿಗೆ ಅಪಾಯ ಕಂಡರೆ ಮಾತ್ರ ಬೇರೆ ಮಾತು.

ಔಷಧಿ ತಿಂದರೆ ಮೊಲೆಹಾಲಿಗೆ ಸೇರುತ್ತದೆ, ಆದ್ದರಿಂದ ಬೇಡ ಎಂದು ಹೆದರುವವರು ಬಹಳ. ಹಾಲೂಡಿಸುವ ತಾಯಿಗೂ ಕೊಡಬಹುದಾದ ಮಾತ್ರೆಗಳು ಇವೆ. ಹಾಲು ಕುಡಿಸುತ್ತಿದ್ದೇನೆ ಎಂದು ವೈದ್ಯರಿಗೆ ಹೇಳಬೇಕು, ಅವರು ನೋಡಿ ಕೊಡುತ್ತಾರೆ. ಸ್ವಲ್ಪ ಗುಣ ಕಂಡಿತೆಂದು ನಾವೇ ನಿಲ್ಲಿಸುವುದು, ಪಕ್ಕದ ಮನೆಯವರ ಚೀಟಿ ತೋರಿಸಿ ತರುವುದು ಎರಡೂ ಕೂಡದು. ಥೈರಾಯ್ಡ್ ವ್ಯತ್ಯಾಸವಾದರೂ ಇದೇ ತರಹದ ಲಕ್ಷಣ ಬರುವುದರಿಂದ ರಕ್ತ ಪರೀಕ್ಷೆ ಬರೆದುಕೊಟ್ಟರೆ ಮಾಡಿಸಿಕೊಳ್ಳಿ.

ಎಲ್ಲರಿಗೂ ಮಾತ್ರೆಯೇ ಬೇಕೆಂದಿಲ್ಲ. ಮಾತಿನಿಂದ, ಆಸರೆಯಿಂದಲೇ ಸುಧಾರಿಸುವವರು ಬಹಳ ಮಂದಿ. ಇದಕ್ಕೆ ಒಂದು ದೃಷ್ಟಾಂತ ಪಾಕಿಸ್ತಾನದ್ದು. ರಾವಲ್ಪಿಂಡಿ ಸುತ್ತಿನ ಹಳ್ಳಿಗಳಲ್ಲಿ ನಮ್ಮ ಆಶಾದವರ ಹಾಗೆಯೇ ಮನೆ ಮನೆಗೆ ಹೋಗುವ ಕಾರ್ಯಕರ್ತೆಯರಿದ್ದಾರೆ. ಅತಿಫ್ ರೆಹಮಾನ್ ಎಂಬ ವೈದ್ಯರು ಅವರಿಗೆ ತರಬೇತಿ ಕೊಟ್ಟು, ಖಿನ್ನತೆ ಇದ್ದ ಬಸುರಿಯರ ಮನೆಗೆ ಕಳಿಸಿ, ಹೆರಿಗೆಯ ನಂತರವೂ ಕ್ರಮವಾಗಿ ಕೂತು ಮಾತಾಡಿಸಿದರು. ಮನೆಯವರನ್ನೂ ಸೇರಿಸಿಕೊಂಡರು. 2008ರಲ್ಲಿ ಪ್ರಕಟವಾದ ಲೆಕ್ಕ ಹೀಗಿದೆ. ಹೆರಿಗೆಯಾಗಿ ಆರು ತಿಂಗಳಾದಾಗ, ಹೀಗೆ ಮಾತಾಡಿಸಿದವರಲ್ಲಿ ನೂರಕ್ಕೆ 23 ಮಂದಿಗೆ ಮಾತ್ರ ಖಿನ್ನತೆ ಉಳಿದಿತ್ತು. ಬರೀ ಭೇಟಿ ಕೊಟ್ಟ ಬೇರೆ ಹಳ್ಳಿಗಳಲ್ಲಿ 53 ಮಂದಿಗೆ ಉಳಿದಿತ್ತು. ದೊಡ್ಡ ಡಿಗ್ರಿ ಇಲ್ಲದ ಹೆಂಗಸರು ಮಾಡಿದ ಕೆಲಸ ಇದು. ಆಮೇಲೆ ಗೋವಾದಲ್ಲೂ ಊರಿನ ಸಾಮಾನ್ಯ ತಾಯಂದಿರನ್ನೇ "ಸಖಿ" ಎಂದು ಹೆಸರಿಟ್ಟು ಇದೇ ಕೆಲಸಕ್ಕೆ ತಯಾರು ಮಾಡಿ ನೋಡಿದ್ದಾರೆ.

ಹಾಗಾದರೆ ಮನೆಯಲ್ಲಿ ನಾವು ಮಾಡಬೇಕಾದ್ದು ಏನು? ಎಲ್ಲಕ್ಕಿಂತ ಮೊದಲು ನಿದ್ರೆ. ರಾತ್ರಿಯ ಒಂದು ಹೊತ್ತು ಮಗುವಿನ ಜವಾಬ್ದಾರಿ ಬೇರೆಯವರದ್ದು ಎಂದು ಮಾಡಿ. ಹಾಲು ಕುಡಿಸಿದ ಮೇಲೆ ತೇಗಿಸುವುದು, ಬಟ್ಟೆ ಬದಲಿಸುವುದು, ತೂಗುವುದು ಇದನ್ನೆಲ್ಲ ಅಪ್ಪನಾದವನು ಮಾಡಬಹುದು, ಅಜ್ಜನೂ ಮಾಡಬಹುದು. ಕರು ಹಾಕಿದ ಹಸುವಿನ ಹತ್ತಿರ ರಾತ್ರಿಯೆಲ್ಲ ಲಾಟೀನು ಹಿಡಿದು ಕೂತವರು ನಾವು, ಇದು ಅದಕ್ಕಿಂತ ಕಷ್ಟವಲ್ಲ. ನೋಡಲು ಬರುವ ನೆಂಟರಿಗೆ ಒಂದು ಮಿತಿ ಬೇಕು. ಬಂದವರಿಗೆ ಚಾ ಮಾಡುವುದರಲ್ಲೇ ತವರಿನ ಆಯಿಯ ದಿನ ಹೋಗುತ್ತದೆ. ಹೋಗುವುದೇ ಆದರೆ ಒಂದು ಪಾತ್ರೆಯಲ್ಲಿ ಪಲ್ಯ ತೆಗೆದುಕೊಂಡು ಹೋಗಿ, ಒಂದು ಬುಟ್ಟಿ ಬಟ್ಟೆ ತೊಳೆದುಕೊಟ್ಟು ಬನ್ನಿ, ಸಲಹೆ ಕೊಡಬೇಡಿ. ಹಾಲು ಬರದಿದ್ದರೆ ಅದು ಅವಳ ತಪ್ಪಲ್ಲ, ಮಗುವನ್ನು ಹಿಡಿಯುವ ಕ್ರಮ ತೋರಿಸಲು ನರ್ಸ್ ಅಥವಾ ಆಶಾದವರನ್ನು ಕರೆಸಿ. ಬಿಸಿಲು ಕಂಡ ದಿನ ಹತ್ತು ನಿಮಿಷ ಅಂಗಳದಲ್ಲಿ ಕೂತರೆ ಬಾಳಂತಿಗೆ ಏನೂ ಆಗುವುದಿಲ್ಲ. ದೂರದಿಂದ ಬಂದ ಸೊಸೆಯಾದರೆ ಅವಳ ತಾಯಿಗೆ ದಿನಕ್ಕೊಮ್ಮೆ ಫೋನು ಹಚ್ಚಿಕೊಟ್ಟು ನೀವು ಕೋಣೆಯಿಂದ ಹೊರಗೆ ಬನ್ನಿ. ಅವಳ ಊರಿನ ಅಡಿಗೆ ಒಂದನ್ನಾದರೂ ಕೇಳಿ ಮಾಡಿ.

ಗಂಡಂದಿರಿಗೆ ಒಂದು ಮಾತು. ತವರಿಗೆ ಕಳಿಸಿ ಬಂದರೆ ಮೂರು ತಿಂಗಳು ನಿಶ್ಚಿಂತೆ ಎಂದು ತಿಳಿಯಬೇಡಿ. ಫೋನಿನಲ್ಲಿ "ಊಟ ಆತಾ" ಎನ್ನುವುದು ಮಾತಲ್ಲ. ಮೊದಲ ಮಗುವಾದಾಗ ಗಂಡಸರಿಗೂ ಒಳಗೊಳಗೇ ಹೆದರಿಕೆ, ಸಾಲದ ಚಿಂತೆ ಇರುತ್ತದೆ, ಅದನ್ನು ಸಿಟ್ಟಾಗಿ, ಕೆಲವರು ಕುಡಿತವಾಗಿ ತೋರಿಸುತ್ತಾರೆ. ಹೆಂಡತಿಯ ಹತ್ತಿರ ಹೇಳಿಕೊಂಡರೆ ಇಬ್ಬರಿಗೂ ಹಗುರ.

ಗುರುತಿಸುವುದು ಹೇಗೆ ಎಂದು ಕೇಳಬಹುದು. ಎಡಿನ್‌ಬರೋದಲ್ಲಿ 1987ರಲ್ಲಿ ಮಾಡಿದ ಹತ್ತು ಪ್ರಶ್ನೆಗಳ ಒಂದು ಪಟ್ಟಿ ಇದೆ, ಕನ್ನಡದಲ್ಲೂ ಇದೆ. ಹಿಂದಿನ ಏಳು ದಿನದಲ್ಲಿ ನಗಲಿಕ್ಕೆ ಆಯಿತೇ, ವಿನಾಕಾರಣ ತನ್ನನ್ನೇ ಬೈದುಕೊಂಡೆಯಾ, ಕಾರಣವಿಲ್ಲದೇ ಹೆದರಿಕೆಯಾಯಿತೇ, ನಿದ್ರೆ ಬಂತೇ, ತನಗೆ ತಾನೇ ಅಪಾಯ ಮಾಡಿಕೊಳ್ಳುವ ಯೋಚನೆ ಬಂತೇ, ಇಂಥವು. ಅಂಕ ಹಾಕುವುದು ಆರೋಗ್ಯ ಕಾರ್ಯಕರ್ತರ ಕೆಲಸ. ಮಗುವಿಗೆ 6, 10 ಮತ್ತು 14ನೇ ವಾರದ ಚುಚ್ಚುಮದ್ದಿಗೆ ತಾಯಿ ಬಂದೇ ಬರುತ್ತಾಳೆ, ಆಗ ಐದು ನಿಮಿಷ ಅವಳನ್ನೂ ಕೇಳಿದರೆ ಆಯಿತು. ಇಲ್ಲಿ ಕೂತಿರುವ ಆಶಾ ಅಕ್ಕಂದಿರ ಮೇಲೆ ಈಗಾಗಲೇ ಬೇಕಾದಷ್ಟು ಕೆಲಸ ಇದೆ, ಸಿಗುವುದು ಅಷ್ಟಕ್ಕಷ್ಟೇ. ಆದರೂ ಕೇಳುತ್ತಿದ್ದೇವೆ.

ಆ ಕೊನೆಯ ಪ್ರಶ್ನೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. "ನಾನು ಇರದಿದ್ದರೇ ಒಳ್ಳೆಯದು", "ನಾನಿಲ್ಲದಿದ್ದರೆ ಮಗುವನ್ನು ಯಾರು ನೋಡುತ್ತಾರೆ" ಎಂಬ ಮಾತು ಬಾಳಂತಿಯ ಬಾಯಲ್ಲಿ ಬಂದರೆ ಅದನ್ನು ಸಿಟ್ಟಿನ ಮಾತು ಎಂದು ಬಿಡಬೇಡಿ. ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎನ್ನುವುದು ತಪ್ಪು ತಿಳುವಳಿಕೆ. ಒಬ್ಬಳನ್ನೇ ಬಿಡದೇ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮತ್ತು ಮನೆಯಲ್ಲಿ ತೋಟದ ಔಷಧಿ, ಕಳೆನಾಶಕ ಎಲ್ಲಿ ಇಟ್ಟಿದ್ದೀರಿ ಎಂದು ನೋಡಿಕೊಳ್ಳಿ. ಅಟ್ಟದ ಮೆಟ್ಟಿಲ ಕೆಳಗೆ, ಬಚ್ಚಲ ಮೂಲೆಯಲ್ಲಿ, ಕೈಗೆ ಸಿಗುವ ಹಾಗೆ ಇಡುವುದು ನಮ್ಮಲ್ಲಿ ಹೆಚ್ಚು. ಆ ಡಬ್ಬಿಗಳನ್ನು ಮಾರುವುದು ನಮ್ಮ ಸಂಘವೇ. ಆದ್ದರಿಂದ ಇದು ಹೆಂಗಸರ ವಿಷಯ, ಸಂಘಕ್ಕೆ ಸಂಬಂಧವಿಲ್ಲ ಎಂದು ಹೇಳಲು ನಮಗೆ ಬಾಯಿಲ್ಲ.

ಮಂಡಳಿಯ ಸಭೆಯಲ್ಲಿ ಈ ವಿಷಯ ತೆಗೆದಾಗ ಒಬ್ಬ ಹಿರಿಯರು "ಸಂಘಕ್ಕೂ ಬಾಳಂತಿಗೂ ಎಂತ ಸಂಬಂಧ, ನಾವು ವಸೂಲಿ ನೋಡ್ಕಂಬ" ಅಂದರು. ಅವರ ಮಾತಿನಲ್ಲೂ ಅರ್ಥವಿದೆ, ಸಂಘ ಗಟ್ಟಿಯಿದ್ದರೆ ತಾನೇ ಉಳಿದದ್ದು. ಆದರೆ ಸಹಕಾರ ಎನ್ನುವುದು ಸಾಲದ ಪುಸ್ತಕ ಮಾತ್ರ ಆಗಿದ್ದರೆ 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಹಚ್ಚಿದ ದೀಪ ಇಲ್ಲಿಯವರೆಗೆ ಬರುತ್ತಿರಲಿಲ್ಲ. ನಮ್ಮ ಶಿರಸಿಯಲ್ಲಿ 1923ರಲ್ಲಿ ಅಡಿಕೆ ಬೆಳೆಗಾರರು ಕಟ್ಟಿದ ಟಿ.ಎಸ್.ಎಸ್. ಮಾರಾಟದ ಸಂಘವೇ ಆದರೂ ಬೆಳೆಗಾರರ ಬದುಕಿನ ಬೇರೆ ಕಡೆಗೂ ಕೈ ಚಾಚಿತು. ಸಹಕಾರಿ ಸದಸ್ಯರಿಗೆಂದೇ ಯಶಸ್ವಿನಿ ಆರೋಗ್ಯ ಯೋಜನೆ 2003ರಲ್ಲಿ ಶುರುವಾಯಿತು, 2018ರಲ್ಲಿ ನಿಂತಿತು, ಸದಸ್ಯರು ಬಿಡದೇ ಕೇಳಿದ್ದರಿಂದ 2023ರಿಂದ ಮತ್ತೆ ನಡೆಯುವಂತಾಯಿತು. ಆರೋಗ್ಯಕ್ಕೂ ಸಹಕಾರಕ್ಕೂ ನಂಟು ಹೊಸದಲ್ಲ.

ನಮ್ಮ ಬೇಡಿಕೆ ದೊಡ್ಡದಲ್ಲ. ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಶುರುವಾಗಿದೆ, ನಂಬರು 14416. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಹೊರ ರಾಜ್ಯದ ಸೊಸೆಯರಿಗೆ ಹಿಂದಿ ಮುಂತಾದ ಭಾಷೆಯೂ ಸಿಗುತ್ತದೆ. ಆದರೆ ನಮ್ಮ ಕೇರಿಗಳಲ್ಲಿ ನೆಟ್‌ವರ್ಕ್ ಸಿಗಬೇಕಲ್ಲ! ಗುಡ್ಡ ಹತ್ತಿ ಮಾತಾಡಲಿಕ್ಕೆ ಬಾಳಂತಿಯ ಕೈಲಾಗುತ್ತದೆಯೇ? ಸಂಘದ ಕಛೇರಿಯಲ್ಲಿ ಇನ್ವರ್ಟರ್ ಇದೆ, ಕೇಬಲ್ಲಿನ ಫೋನ್ ಇದೆ. ಹಿಂದಿನ ದಾಸ್ತಾನು ಕೋಣೆಯನ್ನು ತೆರವು ಮಾಡಿ, ಬಾಗಿಲು ಹಾಕಿಕೊಂಡು ಕೂತು ಮಾತಾಡುವ ಹಾಗೆ ಎರಡು ಕುರ್ಚಿ ಹಾಕಿಕೊಡೋಣ. ಯಾರು ಬಂದರು, ಯಾಕೆ ಬಂದರು ಎಂದು ರಿಜಿಸ್ಟರ್ ಬರೆಯುವುದು ಬೇಡ. ಬಾಳಂತಿಯನ್ನು ಸಿದ್ದಾಪುರಕ್ಕೋ ಶಿರಸಿಗೋ ವೈದ್ಯರ ಹತ್ತಿರ ಕರೆದೊಯ್ಯುವ ಜೀಪಿನ ಬಾಡಿಗೆ ಕೊಡಲಾಗದ ಸದಸ್ಯರಿಗೆ ಧರ್ಮಾರ್ಥ ನಿಧಿಯಿಂದ ಕೊಡೋಣ. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ಪ್ರತಿ ತಿಂಗಳು ಕೇಳಿ ಸೂಚನಾ ಫಲಕದಲ್ಲಿ ಬರೆಯೋಣ. ಔಷಧಿ ಮಾರುವ ಕೌಂಟರಿನಲ್ಲಿ ಬೀಗ ಇರುವ ಸಣ್ಣ ಪೆಟ್ಟಿಗೆಯನ್ನು ಅಸಲು ಬೆಲೆಗೆ ಇಡೋಣ.

ಇನ್ನು ಸಖಿಯರ ವಿಷಯ. ಎರಡು-ಮೂರು ಮಕ್ಕಳನ್ನು ಹೆತ್ತು ಸಾಕಿದ, ಬಾಯಿ ಗಟ್ಟಿ ಇರುವ, ಅಂದರೆ ಇಲ್ಲಿ ಕೇಳಿದ್ದನ್ನು ಅಲ್ಲಿ ಹೇಳದ, ಹೆಂಗಸರು ಪ್ರತಿ ಕೇರಿಗೆ ಒಬ್ಬರು ಸಿಕ್ಕಿದರೆ ಸಾಕು. ತರಬೇತಿಗೆ ಆರೋಗ್ಯ ಇಲಾಖೆಯವರನ್ನು ಕೇಳಿಕೊಳ್ಳುವ ಕೆಲಸ ನಮ್ಮದು. ವಾರಕ್ಕೊಮ್ಮೆ ಹೋಗಿ ಚೊಚ್ಚಲ ಬಾಳಂತಿಯ ಹತ್ತಿರ ಅರ್ಧ ತಾಸು ಕೂತು ಬರುವುದು. ಮಗುವನ್ನು ನೋಡಲಿಕ್ಕೆ ಅಲ್ಲ, ಅವಳನ್ನು ನೋಡಲಿಕ್ಕೆ. ಇಂದು ಮಧ್ಯಾಹ್ನದ ಊಟದ ಪಂಕ್ತಿಯ ಹತ್ತಿರ ಗುಮಾಸ್ತರು ಒಂದು ಪುಸ್ತಕ ಇಟ್ಟುಕೊಂಡು ಕೂತಿರುತ್ತಾರೆ, ಮನಸ್ಸಿದ್ದವರು ಹೆಸರು ಬರೆಸಿ. ಸಂಘದ ಸದಸ್ಯರೇ ಆಗಬೇಕೆಂದಿಲ್ಲ. ಉಳಿದ ವಿಷಯಗಳನ್ನು ಮುಂದಿನ ವಾರ್ಷಿಕ ಮಹಾಸಭೆಯ ವಿಷಯ ಪಟ್ಟಿಯಲ್ಲಿ ಸೇರಿಸಲು ನಾವು ಅರ್ಜಿ ಕೊಟ್ಟಿದ್ದೇವೆ. ಆ ದಿನ ಗಂಡಸರು ಹಾಜರಿ ಹಾಕಿ ಚಾ ಕುಡಿದು ಎದ್ದು ಹೋಗದೇ ಆ ವಿಷಯ ಬರುವವರೆಗೆ ಕೂತುಕೊಳ್ಳಬೇಕು ಎಂದು ಕೇಳಿಕೊಳ್ಳುತ್ತೇವೆ.

ಮುಂದಿನ ಭಾಷಣಕಾರರು ಕಾಯುತ್ತಿದ್ದಾರೆ.